ಒಂದೇ ಹೆಜ್ಜೆ, ಒಂದೇ ನ್ಯಾಯವೇ?

ಹರಿಹರ ತಾಲ್ಲೂಕಿನ ಭಾನುವಳ್ಳಿ ಕಡೆಯ ಊರೊಂದರಲ್ಲಿ ಗಣೇಶನ ಹಬ್ಬಕ್ಕೆಂದು ನಡೆದ ಕೋಲಾಟದ ಸ್ಪರ್ಧೆಯನ್ನು ಒಮ್ಮೆ ನೋಡಲು ಹೋಗಿದ್ದೆ. ಐದಾರು ತಂಡಗಳು ಬಂದಿದ್ದವು. ಮೊದಲ ಸುತ್ತಿನಲ್ಲಿ ಎಲ್ಲ ತಂಡಗಳೂ ಒಂದೇ ಹೆಜ್ಜೆ ಹಾಕಬೇಕು, ಎರಡನೆಯ ಸುತ್ತಿನಲ್ಲಿ ತಮ್ಮ ಇಷ್ಟದ ಕೋಲಾಟ ಆಡಬಹುದು ಎಂಬುದು ನಿಯಮ. ಮೊದಲ ಸುತ್ತಿನ ಹೆಜ್ಜೆ ಯಾವುದೆಂದು ತಿಳಿದದ್ದು ಎಲ್ಲರೂ ಕೋಲು ಹಿಡಿದು ನಿಂತ ಮೇಲೆ. ಬಲಗಾಲು ಮುಂದಿಟ್ಟು ಪ್ರದಕ್ಷಿಣೆಯಾಗಿ ತಿರುಗಬೇಕು ಎಂದು ತೀರ್ಪುಗಾರರು ಹೇಳಿದರು. ಒಂದು ತಂಡಕ್ಕೆ ಅವರ ಗುರುಗಳು ಕಲಿಸಿದ್ದೆಲ್ಲ ಎಡಕ್ಕೆ ತಿರುಗುವ ಹೆಜ್ಜೆ. ಆ ಹುಡುಗರು ಎರಡು ಕಡೆ ತಪ್ಪಿದರು, ಒಬ್ಬನ ಕೋಲು ಪಕ್ಕದವನ ಕೈಗೆ ಬಡಿಯಿತು, ಬಹುಮಾನ ಕೈತಪ್ಪಿತು.

ಆಮೇಲೆ ನಡೆದದ್ದು ಸ್ಪರ್ಧೆಗಿಂತ ದೊಡ್ಡ ಆಟ. ‘ಎಲ್ಲರಿಗೂ ಒಂದೇ ಹೆಜ್ಜೆ ಕೊಟ್ಟೀವಿ, ಇದರಾಗೆ ಅನ್ಯಾಯ ಎಲ್ಲಿ ಬಂತು?’ ಎಂದರು ಸಂಘಟಕರು. ಸೋತ ತಂಡದ ಹಿರಿಯರೊಬ್ಬರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದು ನಿಂತು, ‘ಅಲ್ರೀ ಮೇಷ್ಟ್ರೇ, ಹೊಳೆಗೆ ಇಳಿದ ಮ್ಯಾಲೆ ಯಾವ ಕಡೆ ಈಜಬೇಕು ಅಂತ ಹೇಳಿದ್ರೆ ಹೆಂಗ್ರೀ?’ ಎಂದು ಕೇಳಿದರು. ಇಬ್ಬರ ಮಾತಿನಲ್ಲೂ ನ್ಯಾಯವಿತ್ತು. ಅಲ್ಲಿಗೆ ಉತ್ತರ ಸಿಗಲಿಲ್ಲ. ಚಹ ಬಂತು, ಜಗಳ ನಿಂತಿತು.

ಆ ಹಿರಿಯರ ಪ್ರಶ್ನೆಯನ್ನೇ ಇಟ್ಟುಕೊಂಡು ನೂರು ವರ್ಷಕ್ಕೂ ಮಿಗಿಲಾಗಿ ಜಗಳವಾಡಿದ, ಕೊನೆಗೆ ಒಂದಷ್ಟು ಉತ್ತರವನ್ನೂ ಕಂಡುಕೊಂಡ ಕ್ರೀಡೆಯೊಂದಿದೆ. ಅದು ನಮ್ಮ ಬಿಸಿಲಿಗೆ ಬಹು ದೂರದ್ದು: ಮಂಜುಗಡ್ಡೆಯ ಮೇಲಿನ ಫಿಗರ್ ಸ್ಕೇಟಿಂಗ್. ದಾವಣಗೆರೆಯವರಿಗೆ ಮಂಜುಗಡ್ಡೆ ಎಂದರೆ ಐಸ್‌ಕ್ಯಾಂಡಿ ಅಥವಾ ಮೀನಿನ ಪೆಟ್ಟಿಗೆ. ನಮ್ಮ ಮಕ್ಕಳು ಕಾಲಿಗೆ ಕಟ್ಟಿಕೊಳ್ಳುವುದು ಗಾಲಿಯ ರೋಲರ್ ಸ್ಕೇಟು. ಆದರೂ ಆ ಕ್ರೀಡೆಯ ಕಥೆ ನಮಗೇಕೆ ಬೇಕು? ಓಟದಲ್ಲಿ ಗಡಿಯಾರ ತೀರ್ಪು ಹೇಳುತ್ತದೆ, ಕಬಡ್ಡಿಯಲ್ಲಿ ಗೆರೆ ಹೇಳುತ್ತದೆ. ಕೋಲಾಟ, ಭರತನಾಟ್ಯ, ಯೋಗಾಸನಗಳಲ್ಲಿ ಮನುಷ್ಯನ ಕಣ್ಣೇ ತೀರ್ಪು ಹೇಳಬೇಕು. ಸ್ಕೇಟಿಂಗ್ ಆ ಕಣ್ಣಿಗೆ ಅಳತೆಗೋಲು ಕೊಡಲು ಹೊರಟ ಕ್ರೀಡೆ.

ಗೆರೆಯೇ ಸಾಕ್ಷಿ

ಸ್ಕೇಟ್ ಬೂಟಿನ ತಳದಲ್ಲಿರುವ ಉಕ್ಕಿನ ಬ್ಲೇಡು ಚಾಕುವಿನಂತೆ ಒಂದೇ ಅಲಗಿನದಲ್ಲ. ಅದರ ತಳ ಉದ್ದಕ್ಕೂ ಸಣ್ಣ ಕಾಲುವೆಯಂತೆ ತಗ್ಗಾಗಿರುತ್ತದೆ. ಹೀಗಾಗಿ ಒಂದೊಂದು ಬ್ಲೇಡಿಗೂ ಎರಡು ಅಂಚು: ಒಳ ಅಂಚು ಮತ್ತು ಹೊರ ಅಂಚು. ದೇಹವನ್ನು ಎತ್ತ ವಾಲಿಸಿದರೆ ಆ ಅಂಚು ಮಂಜನ್ನು ಕಚ್ಚಿ, ಕಾಲು ಕಮಾನಿನಂತೆ ಬಾಗಿದ ದಾರಿಯಲ್ಲಿ ಸಾಗುತ್ತದೆ. ಮುಂದಕ್ಕೆ ಅಥವಾ ಹಿಂದಕ್ಕೆ, ಎಡಗಾಲು ಅಥವಾ ಬಲಗಾಲು, ಒಳ ಅಂಚು ಅಥವಾ ಹೊರ ಅಂಚು: ಈ ಎಂಟು ಬಗೆಯ ಸಾಗುವಿಕೆಯೇ ಇಡೀ ಕಲೆಯ ಅಕ್ಷರಮಾಲೆ. ಒಂದು ಅಂಚಿನಿಂದ ಇನ್ನೊಂದಕ್ಕೆ, ಮುಂದಿನಿಂದ ಹಿಂದಕ್ಕೆ ಹೊರಳುವ ತಿರುವುಗಳಿಗೆ ಹೆಸರುಗಳಿವೆ. ಮಂಜಿನ ಮೇಲೆ 3ರ ಅಂಕಿಯಂತೆ ಗೆರೆ ಬಿಡುವುದು ‘ಥ್ರೀ’, ಆವರಣ ಚಿಹ್ನೆಯಂತೆ ಬಿಡುವುದು ‘ಬ್ರ್ಯಾಕೆಟ್’. ರಾಕರ್, ಕೌಂಟರ್, ಲೂಪ್ ಎಂಬ ಇತರ ತಿರುವುಗಳೂ ಇವೆ.

ಈ ಕ್ರೀಡೆಗೆ ‘ಫಿಗರ್’ ಎಂಬ ಹೆಸರು ಬಂದದ್ದೇ ಮಂಜಿನ ಮೇಲೆ ಬಿಡಿಸುವ ಈ ಆಕೃತಿಗಳಿಂದ. ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ 1892ರಲ್ಲಿ ಸ್ಥಾಪನೆಯಾಯಿತು. 1896ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಒಕ್ಕೂಟದ ಪಟ್ಟಿಯಲ್ಲಿ ಕ್ರಮವಾಗಿ 41 ಕಡ್ಡಾಯ ಆಕೃತಿಗಳು ಸೇರಿದವು. ಎಲ್ಲಕ್ಕೂ ಮೂಲ ಇಂಗ್ಲಿಷಿನ 8ರ ಆಕಾರ, ಅಂದರೆ ಒಂದಕ್ಕೊಂದು ತಾಗಿದ ಎರಡು ಅಥವಾ ಮೂರು ವೃತ್ತ.

ಸ್ಪರ್ಧಿ ಶುಭ್ರವಾದ ಮಂಜಿನ ಮೇಲೆ, ಯಾವ ಗುರುತಿನ ನೆರವೂ ಇಲ್ಲದೆ, ಒಂದೇ ಕಾಲಿನಲ್ಲಿ ವೃತ್ತ ಬಿಡಿಸಬೇಕು. ಅದೇ ಗೆರೆಯ ಮೇಲೆ ಮತ್ತೆ ಮತ್ತೆ ಸಾಗಬೇಕು. ಗೆರೆಗಳು ಒಂದರ ಮೇಲೊಂದು ಕೂತರೆ ಉತ್ತಮ, ಬೆರಳಗಲ ದೂರ ಸರಿದರೆ ಅಂಕ ಕಡಿತ. ಸ್ಪರ್ಧಿ ಬದಿಗೆ ಸರಿದ ಮೇಲೆ ತೀರ್ಪುಗಾರರು ಮಂಜಿನ ಮೇಲೆ ನಡೆದು ಹೋಗಿ, ಬಗ್ಗಿ, ಆ ಗೆರೆಯನ್ನು ಪರೀಕ್ಷಿಸುತ್ತಿದ್ದರು. ಅಭ್ಯಾಸದಲ್ಲಿ ವೃತ್ತ ಸರಿಯಾಗಿದೆಯೇ ಎಂದು ನೋಡಲು ಆಳೆತ್ತರದ ಕೈವಾರವನ್ನು ಬಳಸುವುದಿತ್ತು. ಯಾವ ಆಕೃತಿಗಳ ಗುಂಪು ಬರುತ್ತದೆಂಬುದನ್ನು ಸ್ಪರ್ಧೆಯ ಹೊತ್ತಿಗೆ ಚೀಟಿ ಎತ್ತಿ ನಿರ್ಧರಿಸುತ್ತಿದ್ದರು.

ಮೇಲ್ನೋಟಕ್ಕೆ ಇದಕ್ಕಿಂತ ನ್ಯಾಯವಾದ ಪರೀಕ್ಷೆ ಇನ್ನೊಂದಿಲ್ಲ. ಪಟ್ಟಿ ಎಲ್ಲರಿಗೂ ಮೊದಲೇ ಗೊತ್ತು, ಆಯ್ಕೆ ಚೀಟಿಯದು, ಎರಡೂ ಕಾಲಿಗೂ ಪರೀಕ್ಷೆ, ಸಾಕ್ಷಿ ಮಂಜಿನ ಮೇಲೆ ಉಳಿದಿರುತ್ತದೆ. ನಮ್ಮ ಕೋಲಾಟದ ಹಿರಿಯರು ಅಲ್ಲಿದ್ದಿದ್ದರೆ ತಲೆದೂಗುತ್ತಿದ್ದರು. ಆದರೂ ಈ ಪರೀಕ್ಷೆ ಉಳಿಯಲಿಲ್ಲ. ಏಕೆ?

ಸರಿಯಾದ ಕೋಲು, ತಪ್ಪಾದ ತೂಕ

ಬಹುಕಾಲ ಒಟ್ಟು ಅಂಕದಲ್ಲಿ ಶೇಕಡಾ 60 ಪಾಲು ಈ ಆಕೃತಿಗಳದ್ದೇ ಆಗಿತ್ತು. ಸಂಗೀತಕ್ಕೆ ಕುಣಿಯುವ, ಜಿಗಿಯುವ, ಜನ ದುಡ್ಡು ಕೊಟ್ಟು ನೋಡಲು ಬರುವ ಭಾಗಕ್ಕೆ ಉಳಿದ 40 ಮಾತ್ರ. 1968ರಲ್ಲಿ ಎರಡಕ್ಕೂ ಸಮಪಾಲು ಬಂತು.

1972ರ ಸಪ್ಪೊರೊ ಒಲಿಂಪಿಕ್ಸ್‌ನಲ್ಲಿ ಇದರ ಫಲ ಜಗತ್ತಿಗೆ ಕಂಡಿತು. ಆಸ್ಟ್ರಿಯಾದ ಟ್ರಿಕ್ಸಿ ಶೂಬಾ ಆಕೃತಿ ಬಿಡಿಸುವುದರಲ್ಲಿ ಸರಿಸಾಟಿಯಿಲ್ಲದವರು. ಅಲ್ಲಿ ಗಳಿಸಿದ ಭಾರಿ ಮುನ್ನಡೆಯ ಬಲದಿಂದ ಅವರು ಚಿನ್ನ ಗೆದ್ದರು. ಆದರೆ ಫ್ರೀ ಸ್ಕೇಟಿಂಗ್ ಭಾಗದಲ್ಲಿ ಅವರ ಸ್ಥಾನ ಏಳನೆಯದು. ಆ ಭಾಗದಲ್ಲಿ ಮೊದಲಿಗರಾದ ಅಮೆರಿಕದ ಜಾನೆಟ್ ಲಿನ್ ಅವರಿಗೆ ಕಂಚು. ಆಕೃತಿಗಳ ಸ್ಪರ್ಧೆ ಗಂಟೆಗಟ್ಟಲೆ, ಖಾಲಿ ಆಸನಗಳ ನಡುವೆ ನಡೆಯುತ್ತಿತ್ತು. ಟೀವಿ ನೋಡಿದವರಿಗೆ ಕಂಡದ್ದು ಕುಣಿತ ಮಾತ್ರ. ಏಳನೆಯವರಿಗೆ ಚಿನ್ನ ಹೇಗೆ ಬಂತೆಂದು ಅವರಿಗೆ ಅರ್ಥವಾಗಲಿಲ್ಲ.

ಶೂಬಾ ಮೋಸ ಮಾಡಿರಲಿಲ್ಲ, ತೀರ್ಪುಗಾರರೂ ಮಾಡಿರಲಿಲ್ಲ. ನಿಯಮದ ಪ್ರಕಾರ ಆಕೆಯೇ ಶ್ರೇಷ್ಠ. ಇಲ್ಲಿ ತಪ್ಪಿದ್ದು ತೂಕದಲ್ಲಿ. ಅಳತೆ ಎಷ್ಟೇ ನಿಖರವಾಗಿರಲಿ, ಅಳೆಯುವ ವಸ್ತು ಕ್ರೀಡೆಯ ತಿರುಳಿಗಿಂತ ಭಾರವಾದರೆ ಫಲಿತಾಂಶ ವಿಚಿತ್ರವಾಗುತ್ತದೆ. ಕೈಬರಹದ ಅಂಕವೇ ಪರೀಕ್ಷೆಯ ಮುಕ್ಕಾಲು ಅಂಕವಾದ ಹಾಗೆ.

ಒಕ್ಕೂಟ ಮರುವರ್ಷವೇ ಬದಲಾವಣೆ ತಂದಿತು. 1973ರಲ್ಲಿ ಆಕೃತಿಗೆ ಶೇ 40, ಫ್ರೀ ಸ್ಕೇಟಿಂಗ್‌ಗೆ 40, ನಡುವೆ ‘ಶಾರ್ಟ್ ಪ್ರೋಗ್ರಾಂ’ ಎಂಬ ಹೊಸ ಭಾಗಕ್ಕೆ 20. 1976ರಲ್ಲಿ ಆಕೃತಿಯ ಪಾಲು ಮೂವತ್ತಕ್ಕೆ ಇಳಿಯಿತು. 1988ರಲ್ಲಿ ಅವನ್ನು ಕೈಬಿಡಲು ತೀರ್ಮಾನವಾಯಿತು. 1990ರಲ್ಲಿ ಕೆನಡದ ಹ್ಯಾಲಿಫ್ಯಾಕ್ಸ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅವು ಕೊನೆಯ ಸಲ ಕಾಣಿಸಿಕೊಂಡವು. ಗಾಲಿ ಸ್ಕೇಟಿಂಗಿನವರು ಮಾತ್ರ, ನೆಲದ ಮೇಲೆ ವೃತ್ತಗಳನ್ನು ಬಣ್ಣದಲ್ಲಿ ಬರೆದುಕೊಂಡು, ಆ ಪರೀಕ್ಷೆಯನ್ನು ಆಮೇಲೂ ಉಳಿಸಿಕೊಂಡರು. 2010ರ ಗ್ವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಅನೂಪ್ ಕುಮಾರ್ ಯಾಮ ಎರಡು ಕಂಚು ಗೆದ್ದದ್ದು ಈ ಗಾಲಿ ಸ್ಕೇಟಿಂಗಿನ ಕಲಾವಿಭಾಗದಲ್ಲೇ; ಒಂದು ಫ್ರೀ ಸ್ಕೇಟಿಂಗಿನಲ್ಲಿ, ಇನ್ನೊಂದು ಅವನಿ ಪಾಂಚಾಲ್ ಜೊತೆಗೆ ಜೋಡಿ ವಿಭಾಗದಲ್ಲಿ.

1973ರ ಶಾರ್ಟ್ ಪ್ರೋಗ್ರಾಂನಲ್ಲಿ ಒಂದು ಜಾಣತನವಿತ್ತು. ಇಂತಿಂಥ ಜಿಗಿತ, ಇಂಥ ಸುತ್ತು, ಒಂದು ಹೆಜ್ಜೆಸಾಲು ಇರಲೇಬೇಕು ಎಂದು ಪಟ್ಟಿ ಕೊಟ್ಟರು. ಅವನ್ನು ಯಾವ ಸಂಗೀತಕ್ಕೆ, ಯಾವ ಕ್ರಮದಲ್ಲಿ ಹೊಂದಿಸಬೇಕೆಂಬುದನ್ನು ಸ್ಪರ್ಧಿಗೇ ಬಿಟ್ಟರು. ಅಡುಗೆ ಸ್ಪರ್ಧೆಯಲ್ಲಿ ಎಲ್ಲರಿಗೂ ಒಂದೇ ಸಾಮಾನು ಕೊಟ್ಟು, ಒಗ್ಗರಣೆ ಅವರವರ ಕೈಗೆ ಬಿಟ್ಟಂತೆ.

ಎಲ್ಲರೂ ಕುಣಿಯುವ ಒಂದೇ ಕುಣಿತ

ಇದೇ ಪ್ರಶ್ನೆ ಇನ್ನೊಂದು ಮನೆಯಲ್ಲಿ ಇನ್ನೊಂದು ರೂಪದಲ್ಲಿತ್ತು. ಗಂಡು ಹೆಣ್ಣು ಜೋಡಿಯಾಗಿ ಕುಣಿಯುವ ಐಸ್ ಡ್ಯಾನ್ಸ್ 1952ರಲ್ಲಿ ವಿಶ್ವ ಚಾಂಪಿಯನ್‌ಷಿಪ್ಪಿಗೂ 1976ರಲ್ಲಿ ಒಲಿಂಪಿಕ್ಸಿಗೂ ಸೇರಿತು. ಅದರಲ್ಲಿ ‘ಕಡ್ಡಾಯ ನೃತ್ಯ’ ಎಂಬ ಭಾಗವಿತ್ತು. ಹೆಜ್ಜೆ, ಅಂಚು, ಕೈಹಿಡಿತ, ತಾಳ, ಮೈದಾನದ ಯಾವ ಮೂಲೆಯಲ್ಲಿ ಯಾವ ತಿರುವು ಎಂಬುದೆಲ್ಲ ನಕ್ಷೆಯಲ್ಲಿ ನಿಗದಿ. ವಿಯೆನ್ನಾದಲ್ಲಿ 1909ರಲ್ಲಿ ಹುಟ್ಟಿದ ‘ಕಿಲಿಯನ್’ ಕುಣಿತಕ್ಕೆ 14 ಹೆಜ್ಜೆ. ಲಂಡನ್ನಿನಲ್ಲಿ ರೆಜಿನಾಲ್ಡ್ ವಿಲ್ಕಿ ಮತ್ತು ಡ್ಯಾಫ್ನಿ ವಾಲಿಸ್ 1934ರಲ್ಲಿ ಕಟ್ಟಿದ ‘ಅರ್ಜೆಂಟೈನ್ ಟ್ಯಾಂಗೊ’ಗೆ ನಿಮಿಷಕ್ಕೆ 96 ತಾಳಪೆಟ್ಟು. ಋತುವಿನ ಆರಂಭದಲ್ಲಿ ಒಕ್ಕೂಟ ನೃತ್ಯಗಳನ್ನು ಪ್ರಕಟಿಸುತ್ತಿತ್ತು. ಸಂಗೀತವನ್ನೂ ಅದೇ ಕೊಡುತ್ತಿತ್ತು.

ಇಪ್ಪತ್ತಕ್ಕೂ ಹೆಚ್ಚು ಜೋಡಿಗಳು ಒಂದೇ ಕುಣಿತವನ್ನು ಒಂದಾದ ಮೇಲೊಂದು ಕುಣಿದರೆ ಹೋಲಿಕೆ ಸುಲಭ ತಾನೆ? ಸುಲಭವೇ, ಆದರೆ ಕಣ್ಣಿಗೆ ಕಾಣದ ಓರೆಗಳಿದ್ದವು.

ಮೊದಲನೆಯದು ದಿಕ್ಕು. ಹೆಚ್ಚಿನ ನಿಗದಿತ ನೃತ್ಯಗಳು ಮೈದಾನವನ್ನು ಅಪ್ರದಕ್ಷಿಣೆಯಾಗಿ ಸುತ್ತುತ್ತವೆ. ಹೆಚ್ಚಿನ ಸ್ಕೇಟರುಗಳಿಗೂ ಎಡಕ್ಕೆ ತಿರುಗುವುದೇ ಸಹಜ. ಬಲಕ್ಕೆ ತಿರುಗುವುದು ಸಹಜವಾದವರು ಕಡಿಮೆ, ಆದರೆ ಇದ್ದಾರೆ. ನಮ್ಮ ಕೋಲಾಟದ ಹುಡುಗರು ಕಂಡ ಕಷ್ಟವೇ ಇಲ್ಲಿ ತಿರುಗುಮುರುಗಾಗಿ ಕಾಣುತ್ತದೆ.

ಎರಡನೆಯದು ಮೈದಾನ. ಅಂತರರಾಷ್ಟ್ರೀಯ ಮೈದಾನದ ಅಳತೆ 60 ಮೀಟರ್ ಉದ್ದ, 30 ಮೀಟರ್ ಅಗಲ. ಉತ್ತರ ಅಮೆರಿಕದ ಹಾಕಿ ಮೈದಾನಗಳ ಅಗಲ ಸುಮಾರು 26 ಮೀಟರ್. ಅಗಲ ಕಡಿಮೆಯಾದರೆ ಕಮಾನು ಬದಲಾಗುತ್ತದೆ, ಕಮಾನು ಬದಲಾದರೆ ಅಂಚಿನ ಆಳ ಬದಲಾಗುತ್ತದೆ. ಚಿಕ್ಕ ಕಣದಲ್ಲಿ ಕಲಿತವನಿಗೆ ದೊಡ್ಡ ಕಣದ ನಕ್ಷೆ ಪರಕೀಯ.

ಮೂರನೆಯದು ಸರದಿ. ಆಗಿನ ಪದ್ಧತಿಯಲ್ಲಿ ಗರಿಷ್ಠ ಅಂಕ 6.0. ಅದು ನಿಜವಾಗಿ ಅಂಕವಲ್ಲ, ಒಬ್ಬರನ್ನು ಇನ್ನೊಬ್ಬರ ಮೇಲೋ ಕೆಳಗೋ ಕೂರಿಸುವ ಸಾಧನ. ಮುಂದೆ ಇನ್ನೂ ಉತ್ತಮರು ಬರಬಹುದೆಂದು ತೀರ್ಪುಗಾರರು ಮೊದಲು ಬಂದವರಿಗೆ ಕೈ ಬಿಗಿಹಿಡಿಯುತ್ತಿದ್ದರು. ತಡವಾಗಿ ಬಂದವರಿಗೆ ಮೇಲಿನ ಮೆಟ್ಟಿಲು ಖಾಲಿ ಇರುತ್ತಿತ್ತು.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. 5.7 ಕೊಟ್ಟರೆ ಯಾವ ಹೆಜ್ಜೆಗೆ ಎಷ್ಟು ಕಡಿತವಾಯಿತೆಂದು ಯಾರೂ ಹೇಳಬೇಕಾಗಿರಲಿಲ್ಲ. ಲೆಕ್ಕ ಕೊಡಬೇಕಿಲ್ಲದ ಕಡೆ ಒಳಸಂಚಿಗೂ ಜಾಗ ಸಿಗುತ್ತದೆ.

2002ರಲ್ಲಿ ಬಿದ್ದ ಪೆಟ್ಟು

ಆ ಒಳಸಂಚು 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನಲ್ಲಿ ಬಯಲಾಯಿತು. ಜೋಡಿ ವಿಭಾಗದಲ್ಲಿ ರಷ್ಯದ ಜೋಡಿಗೆ ಚಿನ್ನ ಸಿಕ್ಕ ಮೇಲೆ, ತನ್ನ ಮೇಲೆ ಒತ್ತಡವಿತ್ತೆಂದು ಫ್ರಾನ್ಸಿನ ತೀರ್ಪುಗಾರ್ತಿಯೊಬ್ಬರು ಹೇಳಿದರೆಂಬ ಸುದ್ದಿ ಹೊರಬಿತ್ತು. ಆಕೆ ಮುಂದೆ ಆ ಮಾತನ್ನು ಬದಲಿಸಿದರು. ಜೋಡಿಯಲ್ಲಿ ರಷ್ಯಕ್ಕೆ ಮತ, ಅದಕ್ಕೆ ಬದಲಾಗಿ ಐಸ್ ಡ್ಯಾನ್ಸ್‌ನಲ್ಲಿ ಫ್ರಾನ್ಸಿಗೆ ಮತ ಎಂಬ ಕೊಡುಕೊಳ್ಳುವಿಕೆಯ ಆರೋಪ ಅದು. ಕೊನೆಗೆ ಕೆನಡದ ಜೋಡಿಗೂ ಚಿನ್ನ ಕೊಡಲಾಯಿತು. ಆ ತೀರ್ಪುಗಾರ್ತಿಗೂ ಫ್ರಾನ್ಸಿನ ಸಂಸ್ಥೆಯ ಮುಖ್ಯಸ್ಥರಿಗೂ ಮೂರು ವರ್ಷ ನಿಷೇಧ ಬಿತ್ತು.

ಅಲ್ಲಿಂದ ಹುಟ್ಟಿದ್ದು 2004ರಲ್ಲಿ ಜಾರಿಗೆ ಬಂದ ಹೊಸ ಅಂಕಪದ್ಧತಿ. ಅದು ಕೆಲಸವನ್ನು ಎರಡು ಪಾಲು ಮಾಡಿತು. ಒಂದು ತಾಂತ್ರಿಕ ತಂಡ, ವಿಡಿಯೊ ಮರುನೋಟದ ನೆರವಿನಿಂದ, ಸ್ಪರ್ಧಿ ಏನು ಮಾಡಿದ ಎಂದಷ್ಟೇ ಹೇಳುತ್ತದೆ. ತೀರ್ಪುಗಾರರು ಅದನ್ನು ಎಷ್ಟು ಚೆನ್ನಾಗಿ ಮಾಡಿದ ಎಂದು ಹೇಳುತ್ತಾರೆ. ಪ್ರತಿ ಅಂಶಕ್ಕೂ ಬೇರೆ ಅಂಕ. ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕಗಳನ್ನು ಬಿಟ್ಟು ಉಳಿದವುಗಳ ಸರಾಸರಿ. ಮೊದಲಿಗೆ, ಒತ್ತಡ ತಪ್ಪಿಸಲೆಂದು, ಯಾರು ಯಾವ ಅಂಕ ಕೊಟ್ಟರೆಂಬುದನ್ನು ಗುಟ್ಟಾಗಿಟ್ಟರು. ಗುಟ್ಟು ಅನುಮಾನವನ್ನು ಹೆಚ್ಚಿಸಿತೇ ಹೊರತು ಕಡಿಮೆ ಮಾಡಲಿಲ್ಲ. 2016ರಲ್ಲಿ ಆ ಗುಟ್ಟನ್ನೂ ಕೈಬಿಟ್ಟರು.

ನಿಗದಿತ ನೃತ್ಯಗಳಲ್ಲಿ ‘ಕೀ ಪಾಯಿಂಟ್’ಗಳು ಬಂದವು. ಇಡೀ ನೃತ್ಯದಲ್ಲಿ ಕೆಲವೇ ಮುಖ್ಯ ಹೆಜ್ಜೆಗಳನ್ನು ಆರಿಸಿ, ಅಂಚು ಸರಿಯೇ, ತಿರುವು ಶುದ್ಧವೇ ಎಂಬುದಕ್ಕೆ ಹೌದು ಅಥವಾ ಇಲ್ಲ ಎಂಬ ಉತ್ತರ. ಎಷ್ಟು ‘ಹೌದು’ ಸಿಕ್ಕಿತೋ ಅದರಂತೆ ಹಂತ.

ಅಷ್ಟಾದರೂ ವಾದ ನಿಲ್ಲಲಿಲ್ಲ. 2014ರ ಸೋಚಿ ಒಲಿಂಪಿಕ್ಸ್‌ನ ನಿಗದಿತ ನೃತ್ಯ ‘ಫಿನ್‌ಸ್ಟೆಪ್’. ಅದನ್ನು ಕಟ್ಟಿದವರು ಫಿನ್‌ಲೆಂಡಿನ ಸುಸಾನ ರಹ್ಕಮೊ ಮತ್ತು ಪೆಟ್ರಿ ಕೊಕ್ಕೊ. ಆ ದಿನ ಅಮೆರಿಕದ ಡೇವಿಸ್–ವೈಟ್ ಜೋಡಿಗೆ 78.89, ಕೆನಡದ ವರ್ಚು–ಮೊಯಿರ್ ಜೋಡಿಗೆ 76.33 ಬಂತು. ಮುಂದಿರಬೇಕಾದವರು ಕೆನಡದವರು ಎಂದು ಸ್ವತಃ ಕೊಕ್ಕೊ ಬಹಿರಂಗವಾಗಿ ಹೇಳಿದರು. ಹೆಜ್ಜೆ ಹೆತ್ತವನೇ ತೀರ್ಪನ್ನು ಒಪ್ಪಲಿಲ್ಲ! ಆದರೂ ಒಂದು ವ್ಯತ್ಯಾಸ ಗಮನಿಸಿ. ಹಿಂದಿನ ಜಗಳ ‘ಯಾಕೆ ಸೋತೆವೆಂದು ಗೊತ್ತಿಲ್ಲ’ ಎಂಬುದು. ಈಗ ಯಾವ ಭಾಗದಲ್ಲಿ ಎಷ್ಟು ಹೋಯಿತೆಂದು ಬೆರಳಿಟ್ಟು ತೋರಿಸಬಹುದಾಗಿತ್ತು.

ಕಡ್ಡಾಯ ನೃತ್ಯ ಸ್ವತಂತ್ರ ಭಾಗವಾಗಿ 2010ರಲ್ಲೇ ಮುಗಿದಿತ್ತು. ನಿಗದಿತ ಹೆಜ್ಜೆಗಳನ್ನು ಇನ್ನೊಂದು ನೃತ್ಯದೊಳಗೆ ಸೇರಿಸಲಾಗಿತ್ತು. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ‘ಮಿಡ್‌ನೈಟ್ ಬ್ಲೂಸ್’ ಇತ್ತು. ಆಮೇಲೆ ಹಿರಿಯರ ವಿಭಾಗದಲ್ಲಿ, ನಕ್ಷೆಯಂತೆ ಕುಣಿಯುವ ಬದಲು, ನಿಯಮದ ಚೌಕಟ್ಟಿನೊಳಗೆ ತಾವೇ ಕಟ್ಟಿದ ಹೆಜ್ಜೆಸಾಲು ಬಂತು.

ಎಡಕ್ಕೂ ಬಲಕ್ಕೂ

ಇಂದಿನ ಒಂಟಿ ಸ್ಪರ್ಧೆಯ ಹೆಜ್ಜೆಸಾಲಿನ ನಿಯಮವನ್ನು ನೋಡಿದರೆ ಇಷ್ಟು ವರ್ಷಗಳ ಪಾಠ ಅದರಲ್ಲಿ ಕೂಡಿರುವುದು ಕಾಣುತ್ತದೆ. ನಾಲ್ಕನೆಯ, ಅಂದರೆ ಅತ್ಯುನ್ನತ ಹಂತ ಬೇಕಿದ್ದರೆ ಕಷ್ಟದ ತಿರುವು ಮತ್ತು ಹೆಜ್ಜೆಗಳು ಕನಿಷ್ಠ 11 ಇರಬೇಕು. ಒಂದೇ ಬಗೆಯದನ್ನು ಎರಡಕ್ಕಿಂತ ಹೆಚ್ಚು ಸಲ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೀಗಾಗಿ ಬರುವ ಒಂದೆರಡನ್ನೇ ಮತ್ತೆ ಮತ್ತೆ ತೋರಿಸಿ ಪಾರಾಗಲು ಆಗದು. ಸಾಲಿನ ಕನಿಷ್ಠ ಮೂರನೆಯ ಒಂದು ಭಾಗದಲ್ಲಿ ದೇಹ ಎಡಕ್ಕೆ ಸುತ್ತಬೇಕು, ಇನ್ನೊಂದು ಮೂರನೆಯ ಒಂದು ಭಾಗದಲ್ಲಿ ಬಲಕ್ಕೆ ಸುತ್ತಬೇಕು.

ಈ ಕೊನೆಯ ನಿಯಮದ ಮುಂದೆ ನಾನು ಬಹಳ ಹೊತ್ತು ನಿಂತೆ. ಎಡದವರಿಗೆ ಅನುಕೂಲವೋ ಬಲದವರಿಗೋ ಎಂಬ ಪ್ರಶ್ನೆಯನ್ನೇ ಅದು ಎತ್ತಿ ಬದಿಗಿಡುತ್ತದೆ. ಎರಡೂ ಕಡೆಯವರಿಗೆ ಅವರವರ ಸಹಜ ದಿಕ್ಕು ಸಿಗುತ್ತದೆ. ಎರಡೂ ಕಡೆಯವರು ತಮಗೆ ಒಲ್ಲದ ದಿಕ್ಕನ್ನೂ ಕಲಿಯಬೇಕಾಗುತ್ತದೆ. ಕಷ್ಟವನ್ನು ಸಮನಾಗಿ ಹಂಚುವುದೆಂದರೆ ಇದು.

ನಮ್ಮವರಿಗೆ ಇದು ಹೊಸದೇನಲ್ಲ. ಭರತನಾಟ್ಯದ ಅಡವುಗಳನ್ನು ಕಲಿಯುವ ಯಾವ ಮಗುವನ್ನಾದರೂ ಕೇಳಿ. ಬಲಗಡೆ ಮಾಡಿದ್ದನ್ನು ಎಡಗಡೆಯೂ ಮಾಡಬೇಕು. ವಿಳಂಬ, ಮಧ್ಯ, ದ್ರುತ ಎಂಬ ಮೂರು ಕಾಲಗಳಲ್ಲೂ ಮಾಡಬೇಕು. ನಿಧಾನದಲ್ಲಿ ಮುದ್ದಾಗಿ ಕಾಣುವ ಮಗು ದ್ರುತದಲ್ಲಿ ಅರೆಮಂಡಿ ಬಿಟ್ಟು ಎದ್ದು ನಿಲ್ಲಬಹುದು. ವೇಗದಲ್ಲಿ ಮಿಂಚುವ ಮಗುವಿನ ತಪ್ಪು ವಿಳಂಬದಲ್ಲಿ ಬಯಲಾಗಬಹುದು. ಮೂರು ಕಾಲ, ಎರಡು ಬದಿ ಇಟ್ಟರೆ ಯಾರೊಬ್ಬರ ದೇಹಕ್ಕೂ ಪಕ್ಷಪಾತವಿರುವುದಿಲ್ಲ. ನಟುವನಾರರು ಶಿಕ್ಷಣಕ್ಕೆಂದು ಇಟ್ಟುಕೊಂಡ ಕ್ರಮ, ಪರೀಕ್ಷೆಗೂ ಅಷ್ಟೇ ಒದಗುತ್ತದೆ.

ಹಾಗೆಂದು ಮಂಜಿನ ಮೇಲೆ ಎಲ್ಲವೂ ಸರಿಯಾಗಿದೆ ಎನ್ನುವಂತಿಲ್ಲ. 2018ರಲ್ಲಿ ಬಂದ ಅಂಕಪಟ್ಟಿಯಲ್ಲಿ ನಾಲ್ಕನೆಯ ಹಂತದ ಹೆಜ್ಜೆಸಾಲಿಗೆ ಮೂಲ ಅಂಕ 3.90. ಗಾಳಿಯಲ್ಲಿ ನಾಲ್ಕು ಸುತ್ತು ಹಾಕುವ ‘ಕ್ವಾಡ್ ಲಟ್ಸ್’ ಜಿಗಿತ ಒಂದಕ್ಕೇ 11.50. ಹೆಜ್ಜೆಸಾಲು ಮೈದಾನವನ್ನೆಲ್ಲ ತುಂಬಬೇಕು, ಜಿಗಿತ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಹಾಗಿರುವಾಗ ತರಬೇತಿಯ ಸಮಯವನ್ನು ಯಾವುದಕ್ಕೆ ಕೊಡುತ್ತಾರೆಂದು ಊಹಿಸುವುದು ಕಷ್ಟವಲ್ಲ. 1972ರಲ್ಲಿ ತಕ್ಕಡಿ ಒಂದು ಕಡೆ ವಾಲಿತ್ತು, ಈಗ ಇನ್ನೊಂದು ಕಡೆ ವಾಲಿದೆ ಎಂದು ಹಳಬರು ಗೊಣಗಿದರೆ ಅದರಲ್ಲಿ ಹುರುಳಿಲ್ಲದೆ ಇಲ್ಲ.

ಮತ್ತೆ ನಮ್ಮ ಕಟ್ಟೆಗೆ

ಈ ಇಡೀ ಕಥೆಯಿಂದ ನಮ್ಮ ಊರಿನ ಸಂಘಟಕರು ತೆಗೆದುಕೊಳ್ಳಬಹುದಾದದ್ದು ಖರ್ಚಿಲ್ಲದ ಮಾತುಗಳು. ಕಡ್ಡಾಯ ಹೆಜ್ಜೆ ಇಡುವುದಾದರೆ ತಿಂಗಳು ಮೊದಲೇ ಎಲ್ಲರಿಗೂ ತಿಳಿಸಬೇಕು. ನಾಲ್ಕಾರು ಹೆಜ್ಜೆಗಳ ಪಟ್ಟಿ ಕೊಟ್ಟು, ಅಂದು ಎಲ್ಲರೆದುರು ಚೀಟಿ ಎತ್ತಿದರೆ ಇನ್ನೂ ಒಳ್ಳೆಯದು. ಹೆಜ್ಜೆ ಬಲಕ್ಕೆ ತಿರುಗಿದಷ್ಟೇ ಎಡಕ್ಕೂ ತಿರುಗಬೇಕು. ತೀರ್ಪುಗಾರರು ಕೂತ ಜಾಗದಿಂದ ಕಾಣುವುದಕ್ಕೆ ಮಾತ್ರ ಅಂಕವಿರಬೇಕು. ಯಾವ ಅಂಶಕ್ಕೆ ಎಷ್ಟು ಎಂಬುದನ್ನು ಮೊದಲೇ ಬರೆದು, ಕೊಟ್ಟ ಅಂಕವನ್ನು ಆಮೇಲೆ ಗೋಡೆಗೆ ಅಂಟಿಸಬೇಕು. ಕಡ್ಡಾಯದ ಪಾಲು ಇಷ್ಟದ ಆಟವನ್ನು ನುಂಗುವಷ್ಟು ದೊಡ್ಡದಾಗಬಾರದು.

ಎಲ್ಲರಿಗೂ ಒಂದೇ ಹೆಜ್ಜೆ ಕೊಟ್ಟರೆ ನ್ಯಾಯ ಮುಗಿಯಿತೆಂದು ಸಂಘಟಕರು ನಂಬಿದ್ದರು. ಸ್ಕೇಟಿಂಗಿನವರೂ ಬಹುಕಾಲ ಹಾಗೆಯೇ ನಂಬಿದ್ದರು. ಒಂದೇ ಅಳತೆಯ ಅಂಗಿಯನ್ನು ಊರಿಗೆಲ್ಲ ಹೊಲಿಸಿದರೆ ಅದು ದರ್ಜಿಗೆ ಸುಲಭ, ತೊಡುವವರಿಗಲ್ಲ. ಅಳತೆಗೋಲನ್ನು ಹಿಡಿಯುವ ಮುನ್ನ ಕೋಲು ನೆಟ್ಟಗಿದೆಯೇ ಎಂದು ನೋಡುವ ಕೆಲಸವೊಂದಿದೆ. ಅದನ್ನು ಸೋತವರು ನೆನಪಿಸುವವರೆಗೆ ಕಾಯಬಾರದು.

ಆ ಕೋಲಾಟದ ಹುಡುಗರು ಮರುವರ್ಷ ಸ್ಪರ್ಧೆಗೆ ಬರಲಿಲ್ಲವೆಂದು ಕೇಳಿದೆ. ಬಹುಮಾನವೆಂದರೆ ಒಂದು ಸ್ಟೀಲ್ ಕೊಡ, ಅದು ಹೋದರೆ ಹೋಯಿತು. ಆದರೆ ಎಡಕ್ಕೆ ತಿರುಗುವ ಅವರ ಗುರುಗಳ ಹೆಜ್ಜೆಯನ್ನು ಆ ಕಟ್ಟೆಯ ಮುಂದೆ ಆಡಲು ಇನ್ನೊಂದು ತಂಡ ಇರಲಿಲ್ಲ.